ಮೈಕ್ ಟೆಸ್ಟಿಂಗಿಗೆ ಹೋಗಿ ಸಮಾಜವಾದಿಯಾದದ್ದು

ಪಕ್ಷಕ್ಕೆ ಸೇರುವವರಲ್ಲಿ ಬಹಳ ನಮೂನೆ ಇದ್ದಾರೆ. ಕೆಲವರು ತತ್ವ ನೋಡಿ ಸೇರುತ್ತಾರೆ. ಕೆಲವರು ಅಪ್ಪ ಇದ್ದ ಪಕ್ಷ ಅಂತ ಸೇರುತ್ತಾರೆ. ಬಹಳ ಮಂದಿ ಗಟಾರದ ಕಾಂಟ್ರ್ಯಾಕ್ಟು ಸಿಕ್ಕರೆ ಸಿಗಲಿ ಅಂತ ಸೇರುತ್ತಾರೆ. ನಾನು ಸೇರಿದ್ದು ಮೈಕು ಸಿಳ್ಳೆ ಹೊಡೆದದ್ದರಿಂದ. ಇದನ್ನು ಯಾರಿಗೆ ಹೇಳಿದರೂ ನಗುತ್ತಾರೆ. ನಗಲಿ. ಸುತ್ತಿ ಬಳಸಿ ಚಂದ ಮಾಡಿ ಹೇಳುವುದು ನನಗೆ ಬರುವುದಿಲ್ಲ. ನಾನು ಓದಿದ್ದು ಏಳನೆಯ ಇಯತ್ತೆ. ಎಂಟನೆಯ ಇಯತ್ತೆಗೂ ಹೋಗಿದ್ದೆ, ಆದರೆ ಕಲಿಯಲು ಅಲ್ಲ. ಶಾಲೆಯ ಗ್ಯಾದರಿಂಗಿಗೆ ಮೈಕು ಕಟ್ಟಲು. ಶಿಗ್ಗಾವಿಯಲ್ಲಿ ನನ್ನದೊಂದು ಪೆಂಡಾಲು ಮತ್ತು ಸೌಂಡಿನ ಅಂಗಡಿ ಇದೆ. ಮೊದಲು ಬೋರ್ಡಿನ ಮೇಲೆ 'ಮೆಣಸಿನಕಾಯಿ ಸೌಂಡ್ಸ್' ಅಂತ ಇತ್ತು. ಮೆಣಸಿನಕಾಯಿ ನಮ್ಮ ಮನೆತನದ ಅಡ್ಡಹೆಸರು. ಈಗ ಬರೀ 'ಸೌಂಡ್ಸ್' ಅಂತ ಇದೆ, ಅದರ ಎಡಕ್ಕೆ ಬಿಳಿ ಬಣ್ಣ ಬಳಿದ ಖಾಲಿ ಜಾಗ ಇದೆ. ಅಲ್ಲಿ ಏನಿತ್ತು ಅಂತ ಹೊಸ ಗಿರಾಕಿಗಳು ಕೇಳುತ್ತಾರೆ. ಹಳೆಯವರು ಕೇಳುವುದಿಲ್ಲ, ಅವರು ಈಗಲೂ ನನ್ನನ್ನು ಮೆಣಸಿನಕಾಯಿ ಮಂಜ್ಯಾ ಅಂತಲೇ ಕರೆಯುತ್ತಾರೆ. ಬಣ್ಣದ ಖರ್ಚು ಅಷ್ಟೇ ದಂಡ.

ನಮ್ಮ ಪಕ್ಷದ ಹೆಸರು ಸಮಪಾಲು ಪಕ್ಷ. ನೀವು ಕೇಳಿರಲಿಕ್ಕಿಲ್ಲ. ನಮ್ಮ ಎದುರು ಮನೆಯವರೂ ಕೇಳಿಲ್ಲ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕು ಬಿಟ್ಟರೆ ಐದನೆಯದರಲ್ಲಿ ಅದು ಇಲ್ಲ. ಈ ನಾಲ್ಕರಲ್ಲೂ ಸ್ವಲ್ಪ ಹುಡುಕಬೇಕು. ಇಡೀ ಪಕ್ಷವನ್ನು ಮೂರು ಗಾಲಿಯ ಒಂದು ಟಂಟಂ ಗಾಡಿಯಲ್ಲಿ ಕೂರಿಸಬಹುದು ಅಂತ ಮಂದಿ ಚೇಷ್ಟೆ ಮಾಡುತ್ತಾರೆ. ಇದು ಶುದ್ಧ ಸುಳ್ಳು. ಒಮ್ಮೆ ಹಾಗೆ ಹೋಗಿ ನೋಡಿದ್ದೇವೆ. ಚಹಾದ ಕಿಟಲಿಗೆ ಜಾಗ ಆಗಲಿಲ್ಲ.

ಪಕ್ಷದ ಹಿನ್ನೆಲೆ ನನಗೆ ಗೊತ್ತಿರುವುದು ಚನ್ನಪ್ಪಜ್ಜ ಹೇಳಿದಷ್ಟು. ಚನ್ನಪ್ಪಜ್ಜ ನಮ್ಮ ಅಧ್ಯಕ್ಷರು. ಸರಕಾರಿ ಬಸ್ಸಿನ ಕಂಡಕ್ಟರ್ ಆಗಿ ರಿಟೈರ್ ಆದವರು. ಈಗಲೂ ಮಾತಾಡುವಾಗ ಎಡಗೈಯನ್ನು ಮೇಲಿನ ಕಂಬಿ ಹಿಡಿದಂತೆ ಎತ್ತಿಯೇ ನಿಲ್ಲುತ್ತಾರೆ. ಅವರು ಹೇಳುವ ಪ್ರಕಾರ ಮೊದಲು ಒಂದು ದೊಡ್ಡ ಸಮಾಜವಾದಿ ಪಕ್ಷ ಇತ್ತು. ಗೇಣಿ ಮಾಡುವವನಿಗೆ ಹೊಲ ಸಿಗಬೇಕು ಅಂತ ಅದು ಹೋರಾಡಿತು. ಹೊಲ ಸಿಕ್ಕಿತು. ಸಿಕ್ಕ ಮೇಲೆ ಪಕ್ಷ ಒಡೆಯಿತು. ಒಡೆದ ತುಂಡು ಮತ್ತೆ ಒಡೆಯಿತು. ನಮ್ಮದು ತುಂಡಿನ ತುಂಡು. ದೊಡ್ಡ ಪಕ್ಷದ ಜೊತೆ ಸೇರಬೇಕೋ ಬೇಡವೋ ಅನ್ನುವುದಕ್ಕೆ ಒಮ್ಮೆ ಒಡೆದದ್ದಂತೆ, ಕಡೆಯ ಸಲ ಒಡೆದದ್ದು ಸಭೆಯಲ್ಲಿ ಠರಾವು ಮೊದಲು ಬರಬೇಕೋ ಉಪ್ಪಿಟ್ಟು ಮೊದಲು ಬರಬೇಕೋ ಅನ್ನುವುದಕ್ಕಂತೆ.

"ನಾವು ಯಾವ ಕಡೆ ಇದ್ವಿ ಅಜ್ಜಾರ?" ಅಂತ ಕೇಳಿದೆ.

"ಠರಾವಿನ ಕಡೆ" ಎಂದರು ಅಜ್ಜ. "ಉಪ್ಪಿಟ್ಟಿನವರು ಮುಂದ ಮಂತ್ರಿ ಆದ್ರು."

ಈ ನಾಲ್ಕೇ ತಾಲೂಕು ಯಾಕೆ ಅನ್ನುವುದಕ್ಕೂ ದೊಡ್ಡ ಕಾರಣ ಏನಿಲ್ಲ. ಅದು ಅಜ್ಜನ ಬಸ್ಸಿನ ರೂಟು. ನೌಕರಿಯಲ್ಲಿದ್ದಾಗ ರಾಜಕೀಯ ಮಾಡುವಂತಿರಲಿಲ್ಲ. ಅದಕ್ಕೆ ಟಿಕೆಟ್ ಹರಿಯುತ್ತ ಬಾಯಿಮಾತಿನಲ್ಲಿ ಮಾಡಿದರು. ಬಸ್ಸು ಎಲ್ಲಿ ನಿಂತು ಚಹಾ ಕುಡಿಯುತ್ತಿತ್ತೋ ಅಲ್ಲೆಲ್ಲ ಒಬ್ಬಿಬ್ಬರು ಗಂಟು ಬಿದ್ದರು. ಪಕ್ಷದ ತತ್ವ ಕೂಡ ಬಸ್ಸಿನಲ್ಲೇ ಹುಟ್ಟಿದ್ದು. ಹಿಂದೆ ಒಬ್ಬ ಗೌಡರು ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ಲು ಒಗೆದು ಸೀಟು ಹಿಡಿದಿದ್ದರಂತೆ. ಪಕ್ಕದಲ್ಲಿ ಕೂಸು ಎತ್ತಿಕೊಂಡ ಹೆಣ್ಣುಮಗಳೊಬ್ಬಳು ನಿಂತೇ ಇದ್ದಳು. ಅಜ್ಜ ಆ ಟವೆಲ್ಲಿಗೆ ಒಂದು ಫುಲ್ ಟಿಕೆಟ್ ಹರಿದು ಅದರ ಮೇಲೆ ಇಟ್ಟರು. "ಗೌಡ್ರ, ನಿಮ್ಮ ಟವೆಲ್ಲು ಕುಂತು ಬರ್ತೈತಿ. ನಿಮಗ ಸೀಟಿಲ್ಲ, ನಿಂತು ಬರ್ರಿ" ಎಂದರು. ಗೌಡರು ಟವೆಲ್ಲು ತೆಗೆದರು, ಹೆಣ್ಣುಮಗಳು ಕೂತಳು. ಆ ಹೆಣ್ಣುಮಗಳು ಹಾನಗಲ್ಲಿನ ನೀಲವ್ವ. ಭತ್ತದ ನಾಟಿ ಮಾಡುವ ಹೆಂಗಸರ ಕೂಲಿ ಜಗಳಕ್ಕೆಲ್ಲ ಈಗಲೂ ಮುಂದೆ ನಿಲ್ಲುವವಳು ಅವಳೇ. ಅವತ್ತು ಸೀಟು ಸಿಕ್ಕಿದ್ದಕ್ಕೆ ಪಕ್ಷ ಹಿಡಿದವಳು ಇನ್ನೂ ಇಳಿದಿಲ್ಲ.

ಇನ್ನು ನಾನು ಹತ್ತಿದ ಕಥೆ. ಕೆಲವು ವರ್ಷದ ಹಿಂದೆ ಹಾನಗಲ್ಲಿನಲ್ಲಿ ಈ ಪಕ್ಷದ ಸಭೆ ಇತ್ತು. ನನಗೆ ಮೈಕಿನ ಆರ್ಡರ್ ಬಂದಿತ್ತು. ಕುರ್ಚಿ ಎಷ್ಟು ಬೇಕು ಅಂತ ಫೋನಿನಲ್ಲಿ ಕೇಳಿದೆ. "ಕುರ್ಚಿ ಬ್ಯಾಡೋ ತಮ್ಮಾ, ಜಮಖಾನಿ ಸಾಕು" ಎಂದರು. ಸ್ಟೇಜಿನ ಮೇಲೆ ಕೂರುವವರಿಗೆ? "ಸ್ಟೇಜೂ ಬ್ಯಾಡ." ಎಲ್ಲರೂ ಒಂದೇ ಎತ್ತರದಲ್ಲಿ ಕೂರಬೇಕಂತೆ. ಪೆಂಡಾಲಿನವನ ಕಿವಿಗೆ ಇದಕ್ಕಿಂತ ಕೆಟ್ಟ ಸುದ್ದಿ ಇಲ್ಲ. ಆದರೂ ಹೋದೆ. ಹುಣಸೆ ಮರದ ಕೆಳಗೆ ಮುದುಕರೆಲ್ಲ ಕೂತಿದ್ದರು. ಹಾರ ಇಲ್ಲ, ಶಾಲು ಇಲ್ಲ, ಫ್ಲೆಕ್ಸ್ ಇಲ್ಲ. ಫೋಟೋ ಹಾಕಿಸುವುದು ಇವರ ಪಕ್ಷದಲ್ಲಿ ನಿಷಿದ್ಧ ಅಂತ ಆಮೇಲೆ ಗೊತ್ತಾಯಿತು. ಅಜ್ಜ ಎಡಗೈ ಎತ್ತಿ ಪ್ರತಿಜ್ಞೆ ಹೇಳಿಕೊಡಲು ನಿಂತರು. ಮೈಕು ಕುಂಯ್ ಅಂತ ಸಿಳ್ಳೆ ಹೊಡೆಯಿತು.

ನಾನು ಸ್ಪೀಕರ್ ಬಾಕ್ಸಿನ ಹಿಂದೆ ಇನ್ನೊಂದು ಮೈಕು ಹಿಡಿದು ಓಡಿದೆ. ಇಂಥ ಹೊತ್ತಿನಲ್ಲಿ 'ಹಲೋ ಚೆಕ್, ಒನ್ ಟೂ ತ್ರೀ' ಅನ್ನುವುದು ನಮ್ಮ ರೂಢಿ. ಆದರೆ ಪ್ರತಿಜ್ಞೆಯ ನಡುವೆ ಒನ್ ಟೂ ತ್ರೀ ಅಂದರೆ ಮುದುಕರಿಗೆ ಬೇಸರ ಆದೀತು ಅನ್ನಿಸಿತು. ನನ್ನ ಜೀವನದಲ್ಲಿ ನಾನು ಮರ್ಯಾದೆ ಯೋಚಿಸಿದ್ದು ಅದೊಂದೇ ಸಲ. ಅದರ ಫಲ ಇನ್ನೂ ಉಣ್ಣುತ್ತಿದ್ದೇನೆ. ಅಜ್ಜ ಏನು ಅನ್ನುತ್ತಾರೋ ಅದನ್ನೇ ಅಂದು ಮೈಕು ಸರಿಮಾಡೋಣ ಅಂದುಕೊಂಡೆ. "ಹುಟ್ಟಿನಿಂದ ಯಾರೂ ಮ್ಯಾಲಿಲ್ಲ, ಯಾರೂ ಕೆಳಗಿಲ್ಲ" ಎಂದರು ಅಜ್ಜ. ನಾನೂ ಅಂದೆ. ಧ್ವನಿ ದಪ್ಪ ಬಂತು, ಬಾಸು ಇಳಿಸಿದೆ. "ಬೆವರು ಯಾರದೋ ಬೆಳಿ ಅವರದು" ಎಂದರು. ಅಂದೆ. ಟ್ರೆಬಲ್ ಏರಿಸಿದೆ. "ಅಡ್ಡಹೆಸರು ಬಿಟ್ಟು ಬರೀ ಹೆಸರಿನಿಂದ ಬಾಳ್ತೇನಿ." ಅಂದೆ. ಈಗ ಒಳ್ಳೆ ಧ್ವನಿ ಬಂತು, ಖುಷಿಗೆ ಇಕೋ ಹಾಕಿದೆ. "ವರದಕ್ಷಿಣಿ ತಗೊಳ್ಳಂಗಿಲ್ಲ, ಲಗ್ನದಾಗ ಆಡಂಬರ ಮಾಡಂಗಿಲ್ಲ" ಎಂದರು. ಅದನ್ನೂ ಅಂದೆ. ಇಕೋ ಇದ್ದದ್ದರಿಂದ 'ಮಾಡಂಗಿಲ್ಲ, ಮಾಡಂಗಿಲ್ಲ, ಮಾಡಂಗಿಲ್ಲ' ಅಂತ ಹಾನಗಲ್ಲ ಬಸ್ ಸ್ಟ್ಯಾಂಡಿನವರೆಗೆ ಕೇಳಿತಂತೆ.

ಮುದುಕರೆಲ್ಲ ಬಾಯೊಳಗೇ ಗುಣುಗುಟ್ಟಿದ್ದರು. ಊರಿಗೆಲ್ಲ ಕೇಳಿದ್ದು ನನ್ನೊಬ್ಬನ ಪ್ರತಿಜ್ಞೆ. ಬಾಕ್ಸಿನ ಹಿಂದಿನಿಂದ ಎದ್ದು ನೋಡಿದರೆ ಎಲ್ಲರೂ ನನ್ನ ಕಡೆಯೇ ತಿರುಗಿ ಕೂತಿದ್ದಾರೆ. ನೀಲವ್ವ ಸೆರಗಿನಿಂದ ಕಣ್ಣೊರೆಸುತ್ತಿದ್ದಳು. "ಎಷ್ಟು ವರ್ಷ ಆತೋ ಯಪ್ಪಾ, ಒಬ್ಬ ಹರೇದ ಹುಡುಗ ಬಾಯಿ ಬಿಟ್ಟು ಇದನ್ನ ಅಂದು!" ಎಂದಳು. ಸವಣೂರಿನ ವೀಳ್ಯದೆಲೆ ಅಂಗಡಿಯ ಖಾದರ್ ಚಾಚಾ ಬಂದು ತಬ್ಬಿಕೊಂಡರು. ಕೈಗೆ ಚಹಾ ಕೊಟ್ಟರು. ಕುಡಿದೆ. ಕಪ್ಪಿನ ಅಂಟು ಕೈಗೆ ಹತ್ತಿತ್ತು, ವೈರು ಮುಟ್ಟಬೇಕಲ್ಲ ಅಂತ ಪಕ್ಕದ ನಲ್ಲಿಯಲ್ಲಿ ಕೈ ತೊಳೆಯುತ್ತ ಕಪ್ಪನ್ನೂ ತೊಳೆದು ಬೋರಲು ಹಾಕಿದೆ. ಅಲ್ಲಿಗೆ ಮುಗಿಯಿತು. ಅವರ ಪಕ್ಷದಲ್ಲಿ ಕುಡಿದ ಕಪ್ಪು ಅವರವರೇ ತೊಳೆಯಬೇಕು ಅನ್ನುವುದು ಕಡೆಯ ನಿಯಮವಂತೆ. ನನಗೆ ಯಾರೂ ಹೇಳಿರಲಿಲ್ಲ. "ರಕ್ತದಾಗ ಐತಿ ಇವಗ" ಎಂದರು ಅಜ್ಜ. ನನ್ನ ರಕ್ತದಲ್ಲಿ ಏನಿದೆ ಅಂತ ಅವ್ವನನ್ನು ಕೇಳಿದರೆ ಬೇರೆಯೇ ಹೇಳುತ್ತಾಳೆ.

ಇಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. ನನ್ನನ್ನು ನೋಡಿ ಯಾರಾದರೂ ಅತ್ತದ್ದು ಅದೇ ಮೊದಲು, ಬೈದು ಅತ್ತವರನ್ನು ಬಿಟ್ಟರೆ. ಹೀಗೆ ಶಿಗ್ಗಾವಿ ತಾಲೂಕು ಕಾರ್ಯದರ್ಶಿ ಆದೆ. ಶಿಗ್ಗಾವಿಯಲ್ಲಿ ಆಗ ಇದ್ದ ಸದಸ್ಯ ನಾನೊಬ್ಬನೇ, ಆದ್ದರಿಂದ ಪೈಪೋಟಿ ಇರಲಿಲ್ಲ. ನಮ್ಮಲ್ಲಿ ಕೈ ಎತ್ತಿ ಎಣಿಸುವ ಪದ್ಧತಿ ಇಲ್ಲ. ಎಲ್ಲರೂ ಒಪ್ಪಬೇಕು. ಒಬ್ಬರು 'ಬ್ಯಾಡ' ಅಂದರೂ ಕೆಲಸ ನಿಲ್ಲುತ್ತದೆ. ಅವರು ಒಪ್ಪುವವರೆಗೆ ಯಾರೂ ಏಳುವಂತಿಲ್ಲ, ಚಹಾ ಮಾತ್ರ ಬರುತ್ತಲೇ ಇರುತ್ತದೆ. ಕಡಿಮೆ ಮಂದಿ ಜಾಸ್ತಿ ಮಂದಿಯ ಕಾಲ ಕೆಳಗೆ ಬೀಳಬಾರದು ಅಂತ ಈ ನಿಯಮ. ಕಳೆದ ಚುನಾವಣೆಗೆ ಒಬ್ಬರನ್ನು ನಿಲ್ಲಿಸಬೇಕು ಅಂತ ಕೂತಿದ್ದೆವು. ಎಲ್ಲರೂ ಒಪ್ಪಿದರು. ನಿಲ್ಲಬೇಕಾದವರೇ ಬ್ಯಾಡ ಎಂದರು. ಶಿಗ್ಗಾವಿ ಶಾಖೆಯಲ್ಲಿ ಈ ತೊಂದರೆ ಇಲ್ಲ ಅನ್ನಬಹುದು ನೀವು. ಇದೆ. ಎಷ್ಟೋ ದಿನ ನನಗೂ ನನಗೂ ಒಪ್ಪಿಗೆ ಆಗುವುದಿಲ್ಲ.

ಇಷ್ಟೇ ಆಗಿದ್ದರೆ ನಡೆದುಹೋಗುತ್ತಿತ್ತು. ನಡುವೆ ನನ್ನ ಲಗ್ನ ಬಂತು.

ಹಿರೇಕೆರೂರಿನ ವೀರಪ್ಪ ಅಂತ ಗೋವಿನಜೋಳದ ದಲಾಲಿ ಅಂಗಡಿಯವರು. ಅವರ ಎರಡನೆಯ ಮಗಳು ರೇಣುಕಾ. ಅಂಗಡಿಯಲ್ಲಿ ತೂಕದ ಹತ್ತಿರ ನಿಲ್ಲುವವಳು ಅವಳೇ. ನೋಡಲು ಹೋದೆವು. ಅವ್ವ ನನಗೆ ಬಾಯಿ ತೆರೆಯಬೇಡ ಅಂತ ಬಸ್ಸಿನಲ್ಲೇ ಹೇಳಿದ್ದಳು. ಶಿರಾ ತಿನ್ನುತ್ತ ಸುಮ್ಮನೆ ಕೂತಿದ್ದೆ. ವೀರಪ್ಪನವರು ಕೇಳಿದರು: "ಪಾರ್ಟಿ ಒಳಗ ಅದೀರಂತ, ತಾಲೂಕಾ ಕಾರ್ಯದರ್ಶಿ ಅಂತ. ಯಾವ ಪಾರ್ಟಿ?"

ಹೇಳಿದೆ.

"ಅಧಿಕಾರಕ್ಕ ಬರ್ತದೇನ್ರಿ ಅದು?"

"ಬರೂದಿಲ್ರಿ."

"ಮುಂದ ಎಂದರ?"

"ಇಲ್ರಿ."

"ಮತ್ತ ಯಾಕ ಅದೀರಿ ಅದರಾಗ?"

ನಾನು ಶಿರಾ ನುಂಗಿದೆ. ಅವ್ವ ನನ್ನ ಕಾಲು ತುಳಿದಳು. ಬಾಗಿಲ ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅದು ರೇಣುಕಾ. ಹುಡುಗಿ ನಕ್ಕಿದ್ದಾಳೆ, ಸಂಬಂಧ ಹೋಯಿತು ಅಂದುಕೊಂಡು ಊರಿಗೆ ಬಂದೆವು. ಮರುದಿನ ಫೋನ್ ಬಂತು, ಹುಡುಗಿ ಒಪ್ಪಿದ್ದಾಳೆ ಅಂತ. ನನಗೆ ಸಂತೋಷಕ್ಕಿಂತ ಅನುಮಾನ ಜಾಸ್ತಿ ಆಯಿತು. ಆದರೂ ಅವಳ ಆ ನಗು ಕಿವಿಯಲ್ಲಿ ಕೂತುಬಿಟ್ಟಿತ್ತು. ನಾನು ಸೌಂಡಿನವನು, ಒಳ್ಳೆ ಧ್ವನಿ ಯಾವುದು ಅಂತ ನನಗೆ ಗೊತ್ತಾಗುತ್ತದೆ.

ವೀರಪ್ಪನವರು ವರದಕ್ಷಿಣೆಯ ಮಾತೆತ್ತಿದಾಗ ನಾನು ಬೇಡ ಎಂದೆ. ಅವ್ವ ಮುಖ ಊದಿಸಿಕೊಂಡಳು. ಅಷ್ಟು ತತ್ವ ಪಾಲಿಸಿದ್ದೇ ನನಗೆ ಬೆಟ್ಟ ಹೊತ್ತಂತೆ ಆಗಿತ್ತು. ಆದರೆ ವೀರಪ್ಪನವರು, "ಲಗ್ನ ಮಾತ್ರ ಗಡದ್ದಾಗಿ ಆಗಬೇಕು. ಮಾರ್ಕೆಟ್ಟಿನ ಮಂದಿ ಮುಂದ ನಮ್ಮ ಮೀಸಿ ಇಳೀಬಾರದು" ಎಂದಾಗ ನನ್ನ ಮನಸ್ಸು ಒಳಗೊಳಗೇ ಕುಣಿಯಿತು. ಯಾಕೆಂದರೆ ಅದು ನನ್ನದೂ ಆಸೆ. ಊರಿನವರ ಲಗ್ನವನ್ನೆಲ್ಲ ನಾನು ಬಾಕ್ಸಿನ ಹಿಂದಿನಿಂದ ನೋಡಿದವನು. ಕಡೆಯ ಪಂಕ್ತಿಯಲ್ಲಿ ಉಂಡವನು, ಅದೂ ಹೋಳಿಗೆ ಮುಗಿದ ಮೇಲೆ. ನನ್ನ ಅಂಗಡಿಯಲ್ಲಿ ಕೆಂಪು ಮಖಮಲ್ಲಿನ ಮಹಾರಾಜಾ ಸೋಫಾ ಇದೆ, ಎರಡೂ ಕೈಗೆ ಸಿಂಹದ ತಲೆ. ಎಷ್ಟೋ ಮದುಮಕ್ಕಳನ್ನು ಅದರ ಮೇಲೆ ಕೂರಿಸಿದ್ದೇನೆ. ನಾನು ಕೂತದ್ದು ಒರೆಸುವಾಗ ಮಾತ್ರ. ಒಂದು ದಿನ ಅದರ ಮೇಲೆ ನಾನು ಕೂರಬೇಕು, ಮುಂದೆ ನನ್ನದೇ ಡಿಜೆ ನೆಲ ನಡುಗುವಂತೆ ಹೊಡೆಯಬೇಕು, ಮೇಲಿನಿಂದ ಮಷಿನ್ನು ಕಾಗದದ ಹೂವು ಉದುರಿಸಬೇಕು. ಮಂದಿಗೆ ದೊಡ್ಡ ದೊಡ್ಡ ಕನಸು ಇರುತ್ತವೆ. ನನ್ನ ಕನಸು ನನ್ನ ಗೋದಾಮಿನಲ್ಲೇ ತಾಡಪತ್ರಿ ಮುಚ್ಚಿಕೊಂಡು ಇತ್ತು.

ಸುದ್ದಿ ಚನ್ನಪ್ಪಜ್ಜನ ಕಿವಿಗೆ ಬಿತ್ತು. ಅಂಗಡಿಗೇ ಬಂದರು. ಕುರ್ಚಿ ಕೊಟ್ಟೆ, ಕೂರಲಿಲ್ಲ. ಮಡಚಿಟ್ಟ ಜಮಖಾನಿಯ ಮೇಲೆ ಕೂತರು.

"ಡಿಜೆ ಹಚ್ಚತೀಯಂತ?"

"ಹೌದ್ರಿ ಅಜ್ಜಾರ."

"ಪ್ರತಿಜ್ಞೆ ನೆನಪೈತೇನು?"

"ಅದು ಪ್ರತಿಜ್ಞೆ ಅಲ್ರಿ, ಮೈಕ್ ಟೆಸ್ಟಿಂಗ್" ಎಂದುಬಿಟ್ಟೆ.

ಅಜ್ಜ ಕೂತ ಜಮಖಾನಿಯ ಮಡಿಕೆಯನ್ನು ಕೈಯಿಂದ ಸರಿಮಾಡಿದರು. ಆಮೇಲೆ, "ಟೆಸ್ಟಿಂಗ್ ಆದ್ರೂ ಮಂದಿ ಕೇಳ್ಯಾರಲ್ಲೋ ತಮ್ಮಾ" ಎಂದು ಎದ್ದರು. ಬಾಗಿಲಲ್ಲಿ ನಿಂತು, "ಸವಣೂರಾಗ ಸಭಾ ಕರೀತೇನಿ. ನಿಂದು ಏನೈತಿ ಅಲ್ಲಿ ಹೇಳು. ಎಲ್ಲಾರೂ ಒಪ್ಪಿದ್ರ ಹಚ್ಚು" ಎಂದರು.

ನಾನು ಪೇಚಿಗೆ ಸಿಕ್ಕಿದೆ. ಡಿಜೆ ಇಲ್ಲ ಅಂದರೆ ವೀರಪ್ಪನವರು ಮಗಳನ್ನು ಕೊಡುವುದಿಲ್ಲ. ಹಾಗಂತ ಅವರೇ ಫೋನಿನಲ್ಲಿ ಹೇಳಿದ್ದರು. ಸಭೆಯಲ್ಲಿ ಒಬ್ಬರು ಬ್ಯಾಡ ಅಂದರೂ ಒಂದೋ ಆ ಮುದುಕರನ್ನು ಬಿಡಬೇಕು, ಇಲ್ಲ ರೇಣುಕಾಳನ್ನು ಬಿಡಬೇಕು. ಪಕ್ಷ ಬಿಟ್ಟರೆ ನಷ್ಟ ಏನು ಅಂತ ಕೂತು ಯೋಚಿಸಿದೆ. ಅಧಿಕಾರ ಇಲ್ಲ, ಬಾಡಿಗೆ ಸರಿಯಾಗಿ ಬರುವುದಿಲ್ಲ, ಕುರ್ಚಿ ಹೋಗುವುದಿಲ್ಲ. ಬಿಟ್ಟುಬಿಡೋಣ ಅನ್ನಿಸಿತು. ಅಷ್ಟರಲ್ಲಿ ನೀಲವ್ವ ಹಾನಗಲ್ಲಿನಿಂದ ಯಾರ ಕೈಯಲ್ಲೋ ಕಳಿಸಿದ ಅಕ್ಕಿ ಹಪ್ಪಳದ ಡಬ್ಬಿ ಬಂತು, 'ಲಗ್ನದ ಮನಿಗೆ' ಅಂತ. ತತ್ವಕ್ಕಾದರೆ ಎದುರು ಮಾತಾಡಬಹುದು. ಹಪ್ಪಳಕ್ಕೆ ಏನಂತ ಮಾತಾಡುವುದು?

ಸವಣೂರಿನಲ್ಲಿ ನಮ್ಮ ಪಕ್ಷದ ಆಫೀಸು ಅಂದರೆ ಖಾದರ್ ಚಾಚಾನ ಎಲೆ ಅಂಗಡಿಯ ಹಿಂದಿನ ಕೋಣೆ. ತಂಪಗೆ ಇರುತ್ತದೆ, ಒದ್ದೆ ಗೋಣಿಯ ವಾಸನೆ. ಎಲ್ಲರೂ ಗೋಡೆಗೆ ಒರಗಿ ಕೂತರು. ವೀರಪ್ಪನವರೂ ಬಂದಿದ್ದರು. ಅಳಿಯನ ಪಕ್ಷದ ಮಂದಿ ಏನು ಆಟ ಆಡುತ್ತಾರೋ ನೋಡಬೇಕು ಅಂತ ಬಂದದ್ದು. ಜೊತೆಗೆ ರೇಣುಕಾ. ಸವಣೂರಿನಲ್ಲಿ ಲಗ್ನದ ಎಲೆ ಆರಿಸುವುದಿದೆ ಅಂತ ಅವಳ ನೆಪ. ಅವರಿಬ್ಬರೂ ಬಾಗಿಲಲ್ಲಿ ಎಲೆಯ ಬುಟ್ಟಿಗಳ ಹತ್ತಿರ ಕೂತರು.

ನಾನು ಎದ್ದು ನಿಂತೆ. ಮೈಕು ಇಲ್ಲದೆ ಮಾತಾಡಿ ನನಗೆ ರೂಢಿ ಇಲ್ಲ, ಕೈ ಎಲ್ಲಿಡಬೇಕು ತಿಳಿಯಲಿಲ್ಲ. "ನೋಡ್ರಿ, ಸುತ್ತಿ ಬಳಸಿ ಮಾತಾಡಾಕ ನನಗ ಬರೂದಿಲ್ಲ. ಬೆವರು ಯಾರದೋ ಬೆಳಿ ಅವರದು ಅಂತೀರಿ. ನನ್ನ ಬೆವರು ಡಿಜೆ ಬಾಕ್ಸು ಹೊತ್ತು ಬಂದದ್ದು. ಎಲ್ಲಾರೂ ಎರಡು ಹಾರ, ಒಂದು ಕಪ್ ಚಹಾದಾಗ ಲಗ್ನ ಮಾಡ್ಕೊಂಡ್ರ ನಾ ಏನ್ ತಿನ್ಲಿ? ನನ್ನ ಲಗ್ನದಾಗ ನನ್ನ ಡಿಜೆ ಇಲ್ಲಂದ್ರ ಮಂದಿ ನಾಳೆ ನನಗ್ಯಾಕ ಆರ್ಡರ್ ಕೊಡ್ತಾರ? ಇದು ಆಡಂಬರ ಅಲ್ರಿ, ಹೊಟ್ಟಿಪಾಡು." ಕೂತೆ. ಸೋಫಾದ ಮಾತು ಮಾತ್ರ ಹೇಳಲಿಲ್ಲ. ಸಿಂಹದ ತಲೆಯನ್ನು ಹೊಟ್ಟೆಪಾಡು ಅಂತ ಒಪ್ಪಿಸುವುದು ಕಷ್ಟ.

ಖಾದರ್ ಚಾಚಾ ಗಡ್ಡ ತಿಕ್ಕಿಕೊಂಡರು. "ಬೇಟಾ ಹೇಳೂದು ಖರೇ ಐತಿ. ನಂದು ಬ್ಯಾಡ ಇಲ್ಲಪಾ" ಎಂದರು. ನೀಲವ್ವ, "ನಂದೂ ಇಲ್ಲ. ಹುಡುಗನ ಲಗ್ನದಾಗ ನಾನೂ ಎರಡು ಹೆಜ್ಜಿ ಕುಣೀತೇನಿ" ಎಂದಳು. "ಮೊಣಕಾಲು?" ಎಂದರು ಚಾಚಾ. "ಮೊಣಕಾಲು ಮನ್ಯಾಗ ಬಿಟ್ಟು ಬರ್ತೇನಿ, ನಿನಗ್ಯಾಕ?" ಎಂದಳು. ಉಳಿದವರೂ ತಲೆ ಆಡಿಸಿದರು. ಎಲ್ಲರ ಕಣ್ಣು ಅಜ್ಜನ ಮೇಲೆ ನಿಂತಿತು. ಅಜ್ಜ ಕೂತಲ್ಲೇ ಎಡಗೈ ಎತ್ತಿದರು. ಹಿಡಿಯಲು ಕಂಬಿ ಇರಲಿಲ್ಲ, ಇಳಿಸಿದರು.

"ನಾನೂ ಬ್ಯಾಡ ಅನ್ನಂಗಿಲ್ಲ" ಎಂದರು. "ಇಡೀ ಪಕ್ಷದಾಗ ಹರೇದಾಂವ ಅಂದ್ರ ಇವನೊಬ್ಬ. ಇವನೂ ಇಳಿದು ಹೋದ್ರ ನಾವು ಖಾಲಿ ಬಸ್ಸು ಹೊಡೀಬೇಕಾಗ್ತೈತಿ."

ನಾನು ಗೆದ್ದೆ. ಗೆದ್ದವನಿಗೆ ಸಂತೋಷ ಆಗಬೇಕು. ಅಜ್ಜನ ಮುಖ ನೋಡಿದರೆ ಟವೆಲ್ಲು ಒಗೆದು ಸೀಟು ಹಿಡಿದವನು ನಾನೇ ಅನ್ನಿಸಿತು. ವೀರಪ್ಪನವರು ಮೀಸೆ ಮುಟ್ಟಿಕೊಂಡು ಏಳಲು ಹೊರಟರು. ಆಗ ಬಾಗಿಲಿನಿಂದ, "ನಂದು ಬ್ಯಾಡ ಐತಿ" ಅಂತ ಧ್ವನಿ ಬಂತು.

ರೇಣುಕಾ ಎದ್ದು ನಿಂತಿದ್ದಳು. ಕೈಯಲ್ಲಿ ಇನ್ನೂ ಒಂದು ಕಟ್ಟು ಎಲೆ.

"ನೀ ಮೆಂಬರ್ ಅಲ್ಲವಾ ತಂಗಿ" ಎಂದರು ಅಜ್ಜ.

"ಮೆಂಬರ್ ಆಗಾಕ ಏನ್ ಮಾಡಬೇಕ್ರಿ?"

"ಪ್ರತಿಜ್ಞೆ ಮಾಡಬೇಕು."

"ಹೇಳ್ರಿ, ಮಾಡ್ತೇನಿ."

ಅಜ್ಜ ಹೇಳಿಕೊಟ್ಟರು. ಅವಳು ಅಂದಳು. ಮೈಕಿಲ್ಲ, ಇಕೋ ಇಲ್ಲ, ಆದರೂ ಹೊರಗೆ ಎಲೆ ಕೊಳ್ಳುತ್ತಿದ್ದವರು ಒಳಗೆ ಇಣುಕಿದರು. ಪ್ರತಿಜ್ಞೆಯಲ್ಲಿ ಇಷ್ಟು ಅರ್ಥ ಇದೆ ಅಂತ ನನಗೆ ಗೊತ್ತಾದದ್ದು ಅವತ್ತೇ. ನನಗೆ ಅದರಲ್ಲಿ ಬರೀ ಬಾಸು, ಟ್ರೆಬಲ್ ಕಂಡಿತ್ತು. ಮುಗಿಸಿದವಳೇ, "ಈಗ ನಂದು ಬ್ಯಾಡ ಐತಿ. ಡಿಜೆ ಬ್ಯಾಡ" ಎಂದಳು.

"ಯಾಕವಾ?" ಎಂದಳು ನೀಲವ್ವ.

"ನಮ್ಮ ಅಕ್ಕನ ಲಗ್ನ ಇದಕ್ಕಿಂತ ಗಡದ್ದಾಗಿ ಆತ್ರಿ. ದಿನಪೂರ್ತಿ ಕಿವ್ಯಾಗ ಹತ್ತಿ ಇಟ್ಕೊಂಡು ಅಡ್ಡಾಡಿದೆ. ಅಕ್ಕ ಗಂಡನ ಮನಿ ಗಾಡಿ ಹತ್ತೂವಾಗ ನನ್ನ ಕಡೆ ತಿರುಗಿ ಏನೋ ಅಂದ್ಲು. ಕೇಳಲಿಲ್ಲ. ಬಾಯಿ ಅಲುಗಿದ್ದಷ್ಟ ಕಂಡ್ತು. ಅಷ್ಟರಾಗ ಗಾಡಿ ಹೋತು." ಅವಳು ನನ್ನ ಕಡೆ ತಿರುಗಿದಳು. "ಆ ಡಿಜೆ ಯಾರದು ಗೊತ್ತೇನ್ರಿ? ಮೆಣಸಿನಕಾಯಿ ಸೌಂಡ್ಸ್."

ನನಗೆ ಆ ಲಗ್ನ ನೆನಪಾಯಿತು. ಆರ್ಡರ್ ಕೊಟ್ಟವರು ಗಂಡಿನ ಕಡೆಯವರು, ಹೆಣ್ಣಿನ ಮನೆ ಯಾರದು ಅಂತ ನಾನು ಕೇಳಿರಲೇ ಇಲ್ಲ. ಒಳ್ಳೆ ಬಾಸು ಬಂದಿತ್ತು. ಯಾರದೋ ಕಿಟಕಿಯ ಗಾಜು ಒಡೆದು, ಅದನ್ನು ನಾನು ಹೆಮ್ಮೆಯಿಂದ ಊರಿಗೆಲ್ಲ ಹೇಳಿಕೊಂಡಿದ್ದೆ. ಈಗ ಎಲೆಯ ಬುಟ್ಟಿಯೊಳಗೆ ಇಳಿದು ಕೂರಬೇಕು ಅನ್ನಿಸಿತು. "ಮತ್ತ ನನ್ನ ಯಾಕ ಒಪ್ಪಿದಿ?" ಅಂತ ಎಲ್ಲರ ಮುಂದೇ ಕೇಳಿಬಿಟ್ಟೆ.

"ಅಧಿಕಾರಕ್ಕ ಬರ್ತೈತೇನು ಅಂದಾಗ ಬರೂದಿಲ್ಲ ಅಂದ್ರಲ್ಲ, ಅದಕ್ಕ" ಎಂದಳು. "ದಲಾಲಿ ಅಂಗಡ್ಯಾಗ ಖರೇ ಮಾತು ಬಾಳ ಕಡಿಮಿ ಕೇಳ್ತಾವ."

ವೀರಪ್ಪನವರು ಕೆಂಪಾದರು. "ಇದೇನ್ ನಡಿಸೀರಿ? ಹಂಗಾದ್ರ ನಾನೂ ಮೆಂಬರ್ ಆಗ್ತೇನಿ! ಆಕೀ ಬ್ಯಾಡಕ್ಕ ನಂದು ಬ್ಯಾಡ ಐತಿ!" ಎಂದರು. ಅಜ್ಜನಿಗೆ ಸಿಟ್ಟು ಬರುತ್ತದೆ ಅಂದುಕೊಂಡೆ. ಅಜ್ಜನ ಕಣ್ಣು ಹೊಳೆಯಿತು. "ಬರ್ರಿ, ಬರ್ರಿ. ಮುಚ್ಚಿದ್ದ ಹಿರೇಕೆರೂರು ಶಾಖಾ ಇವತ್ತ ಮತ್ತ ಶುರು ಆತು" ಎಂದು ಅಲ್ಲೇ ಪ್ರತಿಜ್ಞೆ ಹೇಳಿಕೊಟ್ಟರು. ಅಡ್ಡಹೆಸರು ಬಿಡುವ ಸಾಲಿಗೆ ಬಂದಾಗ ವೀರಪ್ಪನವರು ತೊದಲಿದರು, ಅಂಗಡಿಯ ಬೋರ್ಡು ನೆನಪಾಗಿರಬೇಕು. ಆದರೂ ಮಗಳ ಮುಂದೆ ಹಿಂದೆ ಸರಿಯಲಿಲ್ಲ, ಅಂದರು.

ಈಗ ಎರಡು ಬ್ಯಾಡ ಆಯಿತು. ನಿಯಮದ ಪ್ರಕಾರ ಯಾರೂ ಏಳುವಂತಿಲ್ಲ. ಚಹಾ ಬಂತು. ಮತ್ತೆ ಬಂತು. ಪ್ರತಿ ಸಲವೂ ಕಪ್ಪು ತೊಳೆಯಲು ಎಲ್ಲರೂ ಹೊರಗಿನ ನಲ್ಲಿಗೆ ಸಾಲು ಹಚ್ಚಿದೆವು. ವೀರಪ್ಪನವರು ಜೀವಮಾನದಲ್ಲಿ ಕಪ್ಪು ತೊಳೆದವರಲ್ಲ. ಮೊದಲ ಸಲ ಕಪ್ಪಿನ ಕೆಳಗಿನ ಬಸಿ ಒಡೆದರು, ಆಮೇಲೆ ರೂಢಿಯಾಯಿತು. ನಲ್ಲಿಯ ಹತ್ತಿರ ನಿಂತಾಗ ಒಳಗಿನಷ್ಟು ಬಿಗಿ ಇರುವುದಿಲ್ಲ. ಅಲ್ಲಿ ವೀರಪ್ಪನವರು ಖಾದರ್ ಚಾಚಾನಿಗೆ, "ನಂದೇನು ಹಟ ಇಲ್ರಿ. ಆ ಸೋಫಾ ಒಂದರ ಇದ್ರ ಮಾರ್ಕೆಟ್ಟಿನ ಮಂದಿ ಮುಂದ ಮರ್ಯಾದಿ ಉಳೀತಿತ್ತು" ಎಂದದ್ದು ಕೇಳಿಸಿತು. ನನಗೆ ಅವರನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಇಬ್ಬರದೂ ಒಂದೇ ರೋಗ.

ಕಡೆಗೆ ನೀಲವ್ವ ಬಗೆಹರಿಸಿದಳು. ಡಿಜೆ ಇಲ್ಲ. ಪೆಂಡಾಲು ಇರಲಿ, ಬಿಸಿಲಿಗೆ ಬೇಕು. ಮೈಕು ಒಂದು ಇರಲಿ. ಸೋಫಾ ಇಡೋಣ, ಆದರೆ ಅದರ ಮೇಲೆ ಮದುಮಕ್ಕಳು ಮಾತ್ರ ಕೂತರೆ ಮೇಲು ಕೆಳಗು ಆಯಿತು. ಬಂದವರೆಲ್ಲ ಪಾಳಿ ಹಚ್ಚಿ ಕೂರಲಿ. ಯಾರೂ ಬ್ಯಾಡ ಅನ್ನಲಿಲ್ಲ. ಹೀಗೆ ನಮ್ಮ ಪಕ್ಷದ ಇತಿಹಾಸದಲ್ಲಿ ಮೊದಲ ಸ್ಪಷ್ಟ ತೀರ್ಮಾನ ಆಯಿತು, ಅದು ಸೋಫಾದ ಬಗ್ಗೆ.

ಲಗ್ನ ಹಿರೇಕೆರೂರಿನಲ್ಲಿ, ವೀರಪ್ಪನವರ ಅಂಗಡಿಯ ಎದುರು ಗೋವಿನಜೋಳ ಒಣಗಿಸುವ ಅಂಗಳದಲ್ಲಿ ಆಯಿತು. ಜಮಖಾನಿ ಹಾಸಿದ್ದೆವು, ಎಷ್ಟು ಗುಡಿಸಿದರೂ ಕೆಳಗೆ ಕಾಳು ಚುಚ್ಚುತ್ತಿದ್ದವು. ಮಾರ್ಕೆಟ್ಟಿನ ಮಂದಿ ಮೊದಲು ಮೂಗು ಮುರಿದರು. ಸೋಫಾದ ಪಾಳಿ ಶುರುವಾದ ಮೇಲೆ ಅವರೂ ಸಾಲಿನಲ್ಲಿ ನಿಂತರು. ಹಮಾಲರು ಕೂತರು, ದಲಾಲರು ಕೂತರು. ನೀಲವ್ವ ಸಿಂಹದ ತಲೆಯ ಮೇಲೆ ಕೈಯಿಟ್ಟು ಕಾಲ ಮೇಲೆ ಕಾಲು ಹಾಕಿ ಕೂತು ಫೋಟೋ ತೆಗೆಸಿಕೊಂಡಳು; ಫೋಟೋ ನಿಷಿದ್ಧ ಅಂತ ಯಾರೋ ನೆನಪಿಸಿದ್ದಕ್ಕೆ, "ಫ್ಲೆಕ್ಸಿಗೆ ನಿಷಿದ್ಧ, ಸೊಸಿಗೆ ತೋರಸಾಕ ಅಲ್ಲ" ಎಂದಳು. ಚನ್ನಪ್ಪಜ್ಜ ಮಾತ್ರ ಕೂರಲಿಲ್ಲ. ಸಾಲಿನ ಪಕ್ಕ ಎಡಗೈ ಎತ್ತಿ ನಿಂತು, "ಮುಂದ ಸರೀರಿ, ಮುಂದ ಸರೀರಿ, ಹಿಂದ ಜಾಗ ಕೊಡ್ರಿ" ಅನ್ನುತ್ತಿದ್ದರು. ಅವರನ್ನು ಅಷ್ಟು ಖುಷಿಯಲ್ಲಿ ನಾನು ನೋಡಿಯೇ ಇಲ್ಲ. ನನ್ನ ಪಾಳಿ ಬರುವಷ್ಟರಲ್ಲಿ ತಾಳಿ ಕಟ್ಟುವ ಹೊತ್ತಾಯಿತು. ಕೂರಲಿಲ್ಲ.

ರೇಣುಕಾಳ ಅಕ್ಕ ಬಂದಿದ್ದಳು. ಗದ್ದಲ ಇಲ್ಲದ್ದರಿಂದ ಎಲ್ಲರ ಮಾತೂ ಎಲ್ಲರಿಗೂ ಕೇಳುತ್ತಿತ್ತು. ರೇಣುಕಾ ಕೇಳಿದಳು: "ಅಕ್ಕಾ, ಅವತ್ತ ಗಾಡಿ ಹತ್ತೂವಾಗ ನನಗ ಏನೋ ಅಂದಿಯಲ್ಲ, ಏನು ಅದು?" ಅಕ್ಕ ತನ್ನ ಕಾಲು ನೋಡಿಕೊಂಡಳು. "ಚಪ್ಪಲಿ ಒಳಗ ಉಳದಾವ, ತಗೊಂಬಾ ಅಂದಿದ್ದೆ. ನೀ ಅಳಕೊಂತ ನಿಂತಿ. ಬರಿಗಾಲಿಲೇ ಹ್ವಾದೆ ನೋಡು" ಎಂದಳು. ಇಬ್ಬರೂ ನಕ್ಕರು, ಆಮೇಲೆ ಇಬ್ಬರೂ ಅತ್ತರು. ಮೈಕಿನ ಹತ್ತಿರ ನಾನು ಸುಮ್ಮನೆ ವೈರು ಸುತ್ತಿದೆ, ಬಿಚ್ಚಿದೆ.

ಮದುಮಗಳು ಮಾತಾಡಲಿ ಅಂದರು ಅಜ್ಜ. ರೇಣುಕಾ ಮೈಕು ಹಿಡಿದಳು. ಅದು ಕುಂಯ್ ಅಂತ ಸಿಳ್ಳೆ ಹೊಡೆಯಿತು. ಬಾಸಿಂಗ ಕಟ್ಟಿಕೊಂಡೇ ನಾನು ಇನ್ನೊಂದು ಮೈಕು ಹಿಡಿದು ಬಾಕ್ಸಿನ ಹಿಂದೆ ಓಡಿದೆ. "ಒಂದಿಷ್ಟು ನಾ ಅಂದಂಗ ಅನ್ರಿ, ಧ್ವನಿ ಸರಿ ಆಗ್ತೈತೇನ್ ನೋಡೂಣು" ಎಂದಳು ಅವಳು. ನಾನು ಕೆಲಸದ ಮನುಷ್ಯ. ಗುಂಡಿಯ ಮೇಲೆ ಕೈ ಇದ್ದರೆ ತಲೆ ಓಡುವುದಿಲ್ಲ. "ಮನ್ಯಾಗ ಯಾರೂ ಮ್ಯಾಲಿಲ್ಲ, ಯಾರೂ ಕೆಳಗಿಲ್ಲ" ಎಂದಳು. ಅಂದೆ, ಬಾಸು ಇಳಿಸಿದೆ. "ಹೆಂಡತಿ ಬ್ಯಾಡ ಅಂದ್ರ ಕೆಲಸ ನಿಲ್ಲಬೇಕು" ಎಂದಳು. ಅಂದೆ, ಟ್ರೆಬಲ್ ಏರಿಸಿದೆ. ಧ್ವನಿ ಚಂದ ಬಂತು. ಖುಷಿಗೆ ಇಕೋ ಹಾಕಿದೆ. "ಮನೀ ಕಪ್ಪು ಬಸಿ ಎಲ್ಲಾ ನಾನ ತೊಳೀತೇನಿ" ಎಂದಳು. ಅದನ್ನೂ ಅಂದೆ.

'ತೊಳೀತೇನಿ, ತೊಳೀತೇನಿ, ತೊಳೀತೇನಿ' ಅಂತ ಹಿರೇಕೆರೂರಿನ ಮಾರ್ಕೆಟ್ಟಿಗೆಲ್ಲ ಕೇಳಿತು. ನೀಲವ್ವ ಮತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು, ಈ ಸಲ ನಕ್ಕೂ ನಕ್ಕೂ. ಅದು ಮೈಕ್ ಟೆಸ್ಟಿಂಗ್ ಅಂತ ನಾನು ಹೇಳಲು ಬಾಯಿ ತೆರೆದೆ. ಅಜ್ಜ ನನ್ನ ಕಡೆ ನೋಡಿದರು. ಮುಚ್ಚಿದೆ.

ಈಗ ಶಿಗ್ಗಾವಿ ಶಾಖೆಯಲ್ಲಿ ಇಬ್ಬರು ಸದಸ್ಯರು. ಒಬ್ಬರದು ಮಾತ್ರ ಬ್ಯಾಡ ನಡೆಯುತ್ತದೆ. ನಾನು ಇಕೋದ ಗುಂಡಿಯನ್ನೇ ಕಿತ್ತು ಇಟ್ಟಿದ್ದೇನೆ. ಇಷ್ಟು ಬರೆಯುವಷ್ಟರಲ್ಲಿ ಒಳಗೆ ಬಚ್ಚಲ ಕಟ್ಟೆಯ ಮೇಲೆ ಕಪ್ಪು ಇಟ್ಟ ಸಪ್ಪಳ ಆಯಿತು. ಇಟ್ಟದ್ದು ಒಂದೇ ಸಲ. ನನಗೆ ಮಾತ್ರ ಮೂರು ಸಲ ಕೇಳಿತು. ಏಳುತ್ತೇನೆ.